ಕೂಜುವಾಕ್‌ನಲ್ಲಿ ನಾಯಿಗಳ ಜೊತೆ ಒಂದು ಮಾರ್ಚ್

ಶುಕ್ರವಾರ

ಕೂಜುವಾಕ್‌ಗೆ ರಸ್ತೆ ಇಲ್ಲ, ರೈಲೂ ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗಕ್ಕೆ ನುನಾವಿಕ್ ಅಂತ ಹೆಸರು. ಅಲ್ಲಿ ಇನ್ಯೂಟ್ ಎಂಬ ಮೂಲನಿವಾಸಿ ಜನರ 14 ಊರುಗಳಿವೆ. ಒಂದು ಊರಿನಿಂದ ಇನ್ನೊಂದಕ್ಕೂ ರಸ್ತೆ ಇಲ್ಲ. ವಿಮಾನ, ಬೇಸಿಗೆಯಲ್ಲಿ ಸಾಮಾನು ತರುವ ಹಡಗು, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿ ಸ್ನೋಮೊಬೈಲ್, ಅಷ್ಟೇ. ಈ ಊರುಗಳಲ್ಲಿ ಕೂಜುವಾಕ್ ದೊಡ್ಡದು. ದೊಡ್ಡದು ಅಂದರೆ ಮೂರು ಸಾವಿರಕ್ಕಿಂತ ಕಡಿಮೆ ಜನ.

ನನ್ನ ಅಕ್ಕನ ಮಗಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಮಾಂಟ್ರಿಯಲ್‌ನಲ್ಲಿದ್ದು ಇಷ್ಟು ವರ್ಷವಾದರೂ ಉತ್ತರಕ್ಕೆ ಹೋಗಿರಲಿಲ್ಲ. "ಚಿಕ್ಕಿ, ಬರೋದಾದ್ರೆ ಮಾರ್ಚ್‌ನಲ್ಲೇ ಬಾ. ಬೆಳಕೂ ಇರತ್ತೆ, ಹಿಮವೂ ಇರತ್ತೆ. ಕೊತ್ತಂಬರಿ ಸೊಪ್ಪು, ಹಸಿಮೆಣಸು ಮರೀಬೇಡ" ಎಂದಿದ್ದಳು. ಟಿಕೆಟ್ ದರ ಹೇಳುವುದಿಲ್ಲ, ಅದೇ ದುಡ್ಡಿಗೆ ಬೆಂಗಳೂರಿಗೇ ಹೋಗಿಬರಬಹುದಿತ್ತು ಅಂತ ನನ್ನ ಗಂಡ ಇನ್ನೂ ಹೇಳುತ್ತಾರೆ.

ಎರಡು ಗಂಟೆಗೂ ಸ್ವಲ್ಪ ಜಾಸ್ತಿಯ ಹಾರಾಟ. ಕೆಳಗೆ ಮೊದಲು ದಟ್ಟ ಕಾಡು. ಆಮೇಲೆ ಮರಗಳು ತೆಳ್ಳಗಾಗುತ್ತಾ, ಗಿಡ್ಡವಾಗುತ್ತಾ ಹೋದವು. ಕೂಜುವಾಕ್ ಇರುವುದು ಮರಗಳ ಗಡಿಯ ಹತ್ತಿರ. ಇದಕ್ಕೂ ಉತ್ತರಕ್ಕೆ ಹೋದರೆ ಬರೀ ಬಯಲು. ರನ್‌ವೇ ದೊಡ್ಡದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಇಲ್ಲಿ ವಾಯುನೆಲೆ ಕಟ್ಟಿದ್ದರಂತೆ.

ಬಾಗಿಲು ತೆರೆದ ಕೂಡಲೇ ಮೂಗಿನೊಳಗಿನ ಕೂದಲೆಲ್ಲ ಸೆಟೆದುಕೊಂಡಿತು. ಮೈನಸ್ 24. ಕನ್ನಡಕ ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಆದರೆ ಕಿವಿಗೆ ಕೆಲಸವಿತ್ತು. ದೂರದಲ್ಲಿ ಎಲ್ಲೋ ಒಂದು ನಾಯಿ ಊಳಿಟ್ಟಿತು, ಅದಕ್ಕೆ ಇನ್ನೊಂದು, ಆಮೇಲೆ ಹತ್ತಾರು.

ಮನೆಗೆ ಹೋಗುವ ದಾರಿಯಲ್ಲೇ ಹುಡುಗಿ ಪಾಠ ಶುರು ಮಾಡಿದಳು. ಇಲ್ಲಿ ನೀರಿನ ಪೈಪ್ ಇಲ್ಲ, ಲಾರಿ ಬಂದು ಮನೆಯ ಟ್ಯಾಂಕ್ ತುಂಬಿಸುತ್ತದೆ, ಹಾಗಾಗಿ ಉದ್ದ ಸ್ನಾನ ಇಲ್ಲ. ರಾತ್ರಿ ಒಬ್ಬಳೇ ನಡೆಯಬೇಡ. ಕಟ್ಟಿದ ನಾಯಿಯ ಸರಪಳಿ ಎಷ್ಟು ದೂರ ಬರುತ್ತದೋ ಅದರೊಳಗೆ ಕಾಲಿಡಬೇಡ. ಬಿಟ್ಟ ನಾಯಿ ಎದುರಾದರೆ ಓಡಬೇಡ.

"ಬಗ್ಗಿ ಕಲ್ಲು ತಗೊಳ್ಳೋ ಹಾಗೆ ಮಾಡಿದ್ರೆ ಸಾಕು, ಓಡಿ ಹೋಗ್ತಾವೆ" ಎಂದೆ. ನಮ್ಮ ಹೊನ್ನಾವರದ ಕಡೆ ಮಕ್ಕಳಿಗೂ ಗೊತ್ತಿರುವ ವಿದ್ಯೆ ಅದು.

"ಕಲ್ಲೆಲ್ಲಿದೆ ಚಿಕ್ಕಿ? ಮೇ ತಿಂಗಳ ತನಕ ಕಲ್ಲು ಕಾಣಲ್ಲ. ಇಲ್ಲಿನ ನಾಯಿಗಳಿಗೆ ಆ ಭಾಷೆಯೇ ಬರಲ್ಲ."

ಶನಿವಾರ

ಬೆಳಿಗ್ಗೆ ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ ಕಿಟಕಿಯಿಂದ ನೋಡಿದವರು ಚಳಿ ಇಲ್ಲ ಅಂದುಕೊಳ್ಳಬೇಕು. ಊರಲ್ಲಿ ಒಂದು ಸುತ್ತು ನಡೆದೆವು. ಅಂಗಡಿಯಲ್ಲಿ ತರಕಾರಿ ಬೆಲೆ ನೋಡಿ, ನಾನು ತಂದ ಕೊತ್ತಂಬರಿ ಕಟ್ಟನ್ನು ಲಾಕರ್‌ನಲ್ಲಿ ಇಡಬೇಕು ಅನ್ನಿಸಿತು. ಬರುವವರು ಯಾರೇ ಇರಲಿ, ಹಣ್ಣು ತರಕಾರಿ ತನ್ನಿ. ಚಾಕೊಲೇಟ್ ತಂದವರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತದೆ.

ಮುನ್ಸಿಪಲ್ ಗ್ಯಾರೇಜಿನ ಮುಂದೆ ಸಣ್ಣ ಜಾತ್ರೆಯೇ ನಡೆದಿತ್ತು. ಸ್ನೋಮೊಬೈಲ್ ಹಿಂದಿನ ಪೆಟ್ಟಿಗೆಯಲ್ಲಿ ನಾಯಿ, ಹಗ್ಗದ ತುದಿಯಲ್ಲಿ ನಾಯಿ, ಜಾಕೆಟ್ ಒಳಗಿಂದ ಇಣುಕುವ ಮರಿ. ರೇಬೀಸ್ ಲಸಿಕೆ ಹಾಕುವ ದಿನ. ಲಸಿಕೆ ಹಾಕುತ್ತಿದ್ದವನು ಡಾಕ್ಟರಲ್ಲ, ಊರಿನವನೇ, ತರಬೇತಿ ಪಡೆದವನು. ಕೂಜುವಾಕ್‌ನಂಥ ಊರಿನಲ್ಲೂ ನೆಲೆಸಿರುವ ಪಶುವೈದ್ಯರಿಲ್ಲ. ದಕ್ಷಿಣದಿಂದ ಆಗಾಗ ಬಂದು ಹೋಗುತ್ತಾರೆ. ಉಳಿದ ಸಮಯದಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿಭಾಗದವರು ಸೇಂಟ್ ಹಯಸಿಂತ್ ಪಟ್ಟಣದಿಂದ ಫೋನಿನಲ್ಲೇ ಸಲಹೆ ಕೊಡುತ್ತಾರೆ.

ಒಬ್ಬೊಬ್ಬರ ಹತ್ತಿರವೂ ಅವನು ಇನುಕ್ಟಿಟುಟ್ ಭಾಷೆಯಲ್ಲಿ ಒಂದಷ್ಟು ಹೊತ್ತು ಹರಟುತ್ತಿದ್ದ. ಸೂಜಿ ಕೊನೆಗೆ. ನನಗೆ ಮೊದಲು ಇದು ನಿಧಾನ ಅನ್ನಿಸಿತು. ಆದರೆ ಬಂದವರೊಬ್ಬರೂ ಸಿಡಿಮಿಡಿ ಮಾಡಲಿಲ್ಲ. ಯೂನಿಫಾರ್ಮ್ ಹಾಕಿದ ಹೊರಗಿನವನು ಬಂದು "ನಿಮ್ಮ ನಾಯಿ ಎಲ್ಲಿ" ಅಂತ ಕೇಳಿದ್ದರೆ ಇಷ್ಟು ಜನ ಬರುತ್ತಿದ್ದರೇ? ಅದರ ಕಾರಣ ಸಂಜೆ ಗೊತ್ತಾಯಿತು.

ಇಲ್ಲಿನ ರೇಬೀಸ್ ಕಥೆ ನಮ್ಮ ಕಡೆಯದಕ್ಕಿಂತ ಬೇರೆ. ನಮ್ಮಲ್ಲಿ ರೋಗ ನಾಯಿಯಿಂದ ನಾಯಿಗೇ ಸಾಗುತ್ತದೆ. ಇಲ್ಲಿ ಅದರ ಮನೆ ಆರ್ಕ್ಟಿಕ್ ನರಿ. ನರಿ ಆಹಾರ ಹುಡುಕಿಕೊಂಡು ಊರಿನ ಕಸದ ಗುಂಡಿಗೆ ಬರುತ್ತದೆ, ಕಟ್ಟಿದ ನಾಯಿಗಳ ಹತ್ತಿರ ಮೀನಿನ ತುಂಡಿಗೆ ಬರುತ್ತದೆ, ಜಗಳವಾಗುತ್ತದೆ. ನರಿಯನ್ನು ಯಾರೂ ಮುದ್ದು ಮಾಡುವುದಿಲ್ಲ, ನಾಯಿಯನ್ನು ಎಲ್ಲರೂ ಮಾಡುತ್ತಾರೆ. ಹಾಗಾಗಿ ಕಾಡಿನ ರೋಗ ಮನೆಯೊಳಗೆ ಬರುವುದು ನಾಯಿಯ ಮೂಲಕ. ನರಿಗಳಿಗೆಲ್ಲ ಲಸಿಕೆ ಹಾಕಲು ಯಾರಿಂದಲೂ ಆಗದು. ನಡುವೆ ನಿಂತಿರುವ ನಾಯಿಗೆ ಹಾಕಬಹುದು.

ಅಲ್ಲೇ ಒಂದು ಮರಿ ನನ್ನ ಬಲಗೈಯ ಗ್ಲೌಸ್ ಎಳೆದುಕೊಂಡು ಪರಾರಿಯಾಯಿತು. ಮಕ್ಕಳೆಲ್ಲ ಅದರ ಹಿಂದೆ ಓಡಿದರು, ನಾನು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಗ್ಲೌಸ್ ವಾಪಸ್ ಬಂತು, ಹೆಬ್ಬೆರಳು ಬಿಟ್ಟು. ಒಂದು ಜೊತೆ ಹೆಚ್ಚುವರಿ ತರಬೇಕು ಅಂತ ಹುಡುಗಿ ಹೇಳಿದ್ದು ಇದಕ್ಕೇ ಇರಬೇಕು.

ಮರಿಯ ಯಜಮಾನರು ನಗುತ್ತಾ ಕ್ಷಮೆ ಕೇಳಿ ಸಂಜೆ ಚಹಾಕ್ಕೆ ಕರೆದರು. ಅರವತ್ತರ ಆಸುಪಾಸಿನವರು, ಸ್ಲೆಡ್ಜ್ ಅಂದರೆ ಚಕ್ರವಿಲ್ಲದ ಹಿಮದ ಗಾಡಿ, ಅದನ್ನು ಎಳೆಯುವ ನಾಯಿಗಳ ಒಂದು ತಂಡ ಇಟ್ಟುಕೊಂಡಿದ್ದಾರೆ. ಸಂಜೆ ಹೋದಾಗ ಅವರ ತಾಯಿ ಕಿಟಕಿಯ ಪಕ್ಕ ಕೂತು ಸೀಲ್ ಚರ್ಮದ ಬೂಟು ಹೊಲಿಯುತ್ತಿದ್ದರು. ನಾಯಿಗಳ ಬಗ್ಗೆ ಕೇಳಿದೆ. ಅಜ್ಜಿ ಸೂಜಿ ನಿಲ್ಲಿಸದೆ ಮಾತಾಡಿದರು, ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

ಆಗ ಅಜ್ಜಿಯ ಮನೆಯವರು ಊರಿನಲ್ಲಿ ಇರಲಿಲ್ಲ, ಕರಾವಳಿಯ ಬಿಡಾರದಲ್ಲಿದ್ದರು. ತಂದೆ ಎಣ್ಣೆ, ಹಿಟ್ಟು ತರಲು ನಾಯಿಗಳೊಂದಿಗೆ ಊರಿಗೆ ಬಂದರು. ಅಂಗಡಿಯಿಂದ ಹೊರಗೆ ಬರುವಷ್ಟರಲ್ಲಿ ಪೊಲೀಸರು ನಾಯಿಗಳನ್ನು ಗುಂಡಿಕ್ಕಿ ಕೊಂದಿದ್ದರು. ಏನು ತಪ್ಪು ಅಂತ ಕೇಳಲು ಪೊಲೀಸರ ಭಾಷೆ ಬರುತ್ತಿರಲಿಲ್ಲ. ತಂದೆ ನಡೆದುಕೊಂಡು ಬಿಡಾರಕ್ಕೆ ಬಂದರು. "ಆ ಚಳಿಗಾಲ ಸೀಲ್ ಇಲ್ಲ, ಕ್ಯಾರಿಬೂ ಜಿಂಕೆ ಇಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕಿದ್ದಷ್ಟೇ ಊಟ. ಮುಂದಿನ ವರ್ಷ ಅಂಗಡಿಯ ಪಕ್ಕಕ್ಕೆ ಬಂದು ಕೂತೆವು."

ಇದು ಒಂದು ಮನೆಯ ಕಥೆಯಲ್ಲ. 1950 ಮತ್ತು 60ರ ದಶಕಗಳಲ್ಲಿ ನುನಾವಿಕ್‌ನ ಊರೂರಲ್ಲಿ ಹೀಗಾಯಿತು. ಹೇಳಿದ ಕಾರಣ ಏನು ಗೊತ್ತಾ? ಜನರ ಆರೋಗ್ಯ ಮತ್ತು ಸುರಕ್ಷತೆ. ಬಿಟ್ಟ ನಾಯಿ ಮಕ್ಕಳನ್ನು ಕಚ್ಚುತ್ತದೆ, ರೋಗ ಹರಡುತ್ತದೆ, ಕಟ್ಟಿಹಾಕಬೇಕು. ಕಟ್ಟಿಹಾಕಿದರೆ ಸ್ಲೆಡ್ಜ್ ನಾಯಿಯ ಕಾಲಿನ ಕಸುವು ಹೋಗುತ್ತದೆ ಎಂಬುದು ಇನ್ಯೂಟರ ಅನುಭವ. ಅದನ್ನು ಕೇಳುವವರಿರಲಿಲ್ಲ. ಬಳಸಿದ್ದು ದಕ್ಷಿಣದ ರೈತರ ಕುರಿಗಳನ್ನು ನಾಯಿಗಳಿಂದ ಉಳಿಸಲು ಮಾಡಿದ ಕಾನೂನು. ಒಂದೇ ಒಂದು ಕುರಿ ಇಲ್ಲದ ನಾಡಿನಲ್ಲಿ! ನಿವೃತ್ತ ನ್ಯಾಯಾಧೀಶ ಜಾನ್ ಜಾಕ್ ಕ್ರೊಟೊ ವಿಚಾರಣೆ ನಡೆಸಿ 2010ರಲ್ಲಿ ವರದಿ ಕೊಟ್ಟರು. ಪೊಲೀಸರು ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಕೊಂದರು, ಆ ಕುಟುಂಬಗಳ ಗತಿ ಏನಾಗುತ್ತದೆ ಅಂತ ನೋಡಲಿಲ್ಲ ಎಂದರು. 2011ರ ಆಗಸ್ಟ್‌ನಲ್ಲಿ ಕ್ವಿಬೆಕ್‌ನ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಜಾನ್ ಶಾರೆ ಕಾಂಗಿರ್ಸುಕ್ ಎಂಬ ಊರಿಗೆ ಬಂದು ತಪ್ಪಾಯಿತೆಂದು ಒಪ್ಪಿಕೊಂಡರು, 30 ಲಕ್ಷ ಡಾಲರ್ ಕೊಟ್ಟರು. ಕೇಂದ್ರ ಸರ್ಕಾರ ಕ್ಷಮೆ ಕೇಳಿದ್ದು 2024ರ ನವೆಂಬರ್‌ನಲ್ಲಿ, ಕಾಂಗಿಕ್ಸುಜುವಾಕ್ ಊರಿನಲ್ಲಿ. ಪರಿಹಾರ 4.5 ಕೋಟಿ ಡಾಲರ್. ಕ್ಷಮೆ ಕೇಳಿದ ಸಚಿವ ಗ್ಯಾರಿ ಆನಂದಸಂಗರಿ, ಶ್ರೀಲಂಕಾ ತಮಿಳು ಮೂಲದವರು. ಮೊಮ್ಮಗಳು ನನ್ನ ಮುಖ ನೋಡಿ, "ನಿಮ್ಮ ಕಡೆಯವರಾ?" ಎಂದಳು. ಹತ್ತಿರದವರು ಎಂದೆ. ಈ ದೂರದಿಂದ ನೋಡಿದರೆ ಹತ್ತಿರವೇ ಅಲ್ವಾ.

ನಾಯಿ ಹೋದದ್ದರಿಂದ ಆರೋಗ್ಯ ಹೆಚ್ಚಿತೇ? ಅಜ್ಜಿಯ ಲೆಕ್ಕ ಬೇರೆ. ನಾಯಿ ಹೋಯಿತು, ಬೇಟೆ ಹೋಯಿತು, ತಾಜಾ ಮಾಂಸ ಹೋಯಿತು. ಗಂಡಸರು ಮನೆಯಲ್ಲಿ ಕೂತರು. ಕುಡಿತ ಬಂತು. ಸ್ನೋಮೊಬೈಲ್ ಕೊಳ್ಳಲು ದುಡ್ಡು ಬೇಕು, ದುಡ್ಡಿಗೆ ಕೆಲಸ ಬೇಕು, ಕೆಲಸ ಇರಲಿಲ್ಲ. ಇದನ್ನು ಹೇಳುವಾಗ ಅವರ ಧ್ವನಿ ಏರಲಿಲ್ಲ. ನನಗೇ ಕೂತಲ್ಲಿ ಕೂರಲಾಗಲಿಲ್ಲ, ಚಹಾ ಲೋಟ ತೊಳೆಯಲು ಎದ್ದೆ. ನೀರು ಕಡಿಮೆ ಬಿಡಿ ಅಂತ ಮೊಮ್ಮಗಳು ಒಳಗಿಂದ ಕೂಗಿದಳು.

ಭಾನುವಾರ

ಬೆಳಿಗ್ಗೆ ನದಿಯ ಮೇಲೆ ನಾಯಿಗಳ ಸವಾರಿ ಅಂತ ಮಾತಾಗಿತ್ತು. ಹೋದಾಗ ಯಜಮಾನರ ಮುಖ ಸಪ್ಪಗಿತ್ತು. ಹಿಂದಿನ ರಾತ್ರಿ, ನಾವು ಹೊರಟ ಮೇಲೆ, ನಾಯಿಗಳನ್ನು ಕಟ್ಟಿದ ಜಾಗಕ್ಕೆ ನರಿ ಬಂದಿತ್ತು. ಹೆದರದೆ ನೇರ ನಡೆದು ಬಂತಂತೆ. ಆರೋಗ್ಯದ ನರಿ ಹಾಗೆ ಮಾಡುವುದಿಲ್ಲ. ಎರಡು ನಾಯಿಗಳ ಜೊತೆ ಕಚ್ಚಾಡಿತು. ಅವರು ನರಿಯನ್ನು ಗುಂಡಿಕ್ಕಿ ಕೊಂದು, ನಾಯಿಗಳ ಗಾಯ ತೊಳೆದು ಮಲಗಿದ್ದರು. ಸತ್ತ ನರಿ ಚೀಲದಲ್ಲಿ ಹೊರಗೆ ಹೆಪ್ಪುಗಟ್ಟಿತ್ತು. ಊರಿನವರಿಗೆ ಫೋನ್ ಮಾಡಿ ತಿಳಿಸಿದ್ದರು.

ಹುಡುಗಿ ಸುಮ್ನೆ ಕೇಳಿದಳು, "ಗ್ಲೌಸ್ ಹಾಕಿಕೊಂಡು ತೊಳೆದಿರಾ?"

ಇಲ್ಲ. ಗಾಯ ಸಿಗಬೇಕಲ್ಲ, ದಪ್ಪ ಕೂದಲು. ಅವರ ಬೆರಳುಗಳು ಚಳಿಗೆ ಬಿರಿದಿದ್ದವು, ಒಂದು ಕಡೆ ಹಗ್ಗ ಕೊಯ್ದ ಹಸಿ ಗಾಯವೂ ಇತ್ತು. ನರಿಯ ಜೊಲ್ಲು ನಾಯಿಯ ಕೂದಲಿಗೆ, ಕೂದಲಿನಿಂದ ಬೆರಳಿಗೆ. ಅಲ್ಲೇ ಅಡುಗೆಮನೆಯಲ್ಲಿ ಅವರನ್ನು ನಿಲ್ಲಿಸಿ ಸೋಪು ಹಚ್ಚಿ 15 ನಿಮಿಷ ಕೈ ತೊಳೆಸಿದಳು. ಈ ಸಲ ನೀರು ಕಡಿಮೆ ಬಿಡಿ ಅಂತ ಯಾರೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್‌ಗೆ ಫೋನ್ ಮಾಡಿದಳು. ನಾಯಿ, ನರಿ ಯಾವುದೇ ಕಚ್ಚಲಿ, ನೆಕ್ಕಲಿ, ಮೊದಲ ಔಷಧಿ ಸೋಪು ನೀರು. ಊರು ಯಾವುದಾದರೂ ಇದು ಒಂದೇ.

ಅವರ ಪ್ರಶ್ನೆ ಬೇರೆ ಇತ್ತು. "ನನ್ನ ನಾಯಿಗಳನ್ನು ಕೊಲ್ಲುತ್ತಾರಾ?"

ಮತ್ತೆ ಮತ್ತೆ ಅದನ್ನೇ ಕೇಳಿದರು. ಕಿಟಕಿಯ ಪಕ್ಕ ಅಜ್ಜಿಯ ಸೂಜಿ ನಿಂತಿತ್ತು. ಆ ಎರಡು ನಾಯಿಗಳಿಗೂ ಲಸಿಕೆ ಆಗಿತ್ತು, ಚೀಟಿ ಇತ್ತು. ಲಸಿಕೆ ಆಗದ ನಾಯಿಯಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಗ್ಲೌಸ್ ಕಳ್ಳ ಮರಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ, ಲಸಿಕೆಯ ವಯಸ್ಸಲ್ಲ. ಹಿಂದಿನ ದಿನ ಅದನ್ನು ಸುಮ್ಮನೆ ಜೊತೆಗೆ ತಂದಿದ್ದರು. ಪುಣ್ಯಕ್ಕೆ ಅದು ರಾತ್ರಿ ಮನೆಯ ಮುಂಬಾಗಿಲ ಪಡಸಾಲೆಯಲ್ಲಿತ್ತು. ಹುಡುಗಿ ಇದನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದಳು. ಆಮೇಲೆ ಅವರು ಆಸ್ಪತ್ರೆಗೆ ಹೊರಟರು.

ಹೋಗುವ ಮುಂಚೆ ತಮ್ಮನನ್ನು ಕರೆದು, ಅತಿಥಿಗಳನ್ನು ನಿನ್ನ ನಾಯಿಗಳಲ್ಲಿ ಕರೆದುಕೊಂಡು ಹೋಗು ಎಂದರು. ಬೇಡ ಅಂದರೂ ಕೇಳಲಿಲ್ಲ. ತಮ್ಮನ ನಾಯಿಗಳನ್ನು ಕಟ್ಟುವುದು ಊರಿನ ಇನ್ನೊಂದು ತುದಿಯಲ್ಲಿ.

ಕೊಕ್ಸೋಕ್ ನದಿ ಪೂರ್ತಿ ಹೆಪ್ಪುಗಟ್ಟಿತ್ತು. ಉಂಗಾವಾ ಕೊಲ್ಲಿಯ ಉಬ್ಬರ ಇಲ್ಲಿಯ ತನಕ ಬರುವುದರಿಂದ ದಡದ ಹತ್ತಿರ ಮಂಜುಗಡ್ಡೆ ಒಡೆದು ಗುಡ್ಡೆಯಾಗಿರುತ್ತದೆ. ಅದನ್ನು ದಾಟುವಾಗ ಸ್ಲೆಡ್ಜ್ ಮಗುಚಿ ನಾನು ಹಿಮದಲ್ಲಿ ಮುಖ ಕೆಳಗಾಗಿ ಬಿದ್ದೆ. ನಾಯಿಗಳು ಅವಸರವಿಲ್ಲದೆ ನಿಂತು ನೋಡಿದವು. ಅವುಗಳನ್ನು ಕಟ್ಟುವ ಬಗೆ ಎರಡಂತೆ. ಮರಗಳ ನಡುವೆ ಹೋಗುವಾಗ ಜೋಡಿ ಜೋಡಿಯಾಗಿ ಒಂದೇ ಹಗ್ಗಕ್ಕೆ. ಬಯಲಿನಲ್ಲಿ ಒಂದೊಂದಕ್ಕೂ ಬೇರೆ ಹಗ್ಗ, ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತವೆ. ಮಂಜುಗಡ್ಡೆ ತೆಳ್ಳಗಿದ್ದರೆ ಭಾರವೆಲ್ಲ ಒಂದೇ ಕಡೆ ಬೀಳುವುದಿಲ್ಲ.

ಓಟ ಶುರುವಾದ ಮೇಲೆ ಬೊಗಳಾಟ ನಿಂತುಹೋಯಿತು. ಹಿಮದ ಮೇಲೆ ಮರದ ಹಲಗೆ ಸವೆಯುವ ಸದ್ದು, ನಾಯಿಗಳ ಉಸಿರು, ಮಧ್ಯೆ ಮಧ್ಯೆ ಹೊಟ್ಟೆ ಕೆಟ್ಟ ನಾಯಿಯ ವಾಸನೆ. ಅದನ್ನು ಯಾವ ಫೋಟೋದಲ್ಲೂ ತೋರಿಸುವುದಿಲ್ಲ, ಹಿಂದೆ ಕೂತವರಿಗೆ ಮಾತ್ರ ಗೊತ್ತು.

ಈ ತಳಿಯೇ ಇಲ್ಲವಾಗುವುದರಲ್ಲಿತ್ತು. 1920ರ ದಶಕದಲ್ಲಿ ಕೆನಡಾದ ಉತ್ತರದಲ್ಲಿ ಸುಮಾರು 20,000 ಇನ್ಯೂಟ್ ನಾಯಿಗಳಿದ್ದವು, 1970ರ ದಶಕದ ಹೊತ್ತಿಗೆ ಶುದ್ಧ ತಳಿಯವು ಸುಮಾರು 200ಕ್ಕೆ ಇಳಿದಿದ್ದವು ಎಂಬ ಲೆಕ್ಕವಿದೆ. ಗುಂಡು ಒಂದು ಕಾರಣ, ನಾಯಿಗಳಿಗೆ ಬಂದ ಡಿಸ್ಟೆಂಪರ್‌ನಂಥ ರೋಗಗಳು ಇನ್ನೊಂದು, ಸ್ನೋಮೊಬೈಲ್ ಮತ್ತೊಂದು. 2001ರಲ್ಲಿ ಮಕಿವಿಕ್ ಎಂಬ ನುನಾವಿಕ್ ಇನ್ಯೂಟರ ಸಂಸ್ಥೆ ಇವಾಕ್ಕಾಕ್ ಎಂಬ ಓಟ ಶುರು ಮಾಡಿತು. ಊರಿಂದ ಊರಿಗೆ ನೂರಾರು ಕಿಲೋಮೀಟರ್, ಇನ್ಯೂಟ್ ತಳಿಯ ನಾಯಿಗಳಿಗೆ ಮಾತ್ರ ಪ್ರವೇಶ. ಓಟಕ್ಕಾಗಿ ಜನ ಮತ್ತೆ ನಾಯಿ ಸಾಕಿದರು. ತಮ್ಮ ಹೇಳಿದ, "ಮೊದಲು ನಾಯಿಗೆ ಊಟ ಹಾಕಬೇಕು ಅಂತ ಬೇಟೆಗೆ ಹೋಗಲು ಶುರು ಮಾಡಿದೆ. ನಾಯಿಗೆ ತಂದ ಮೇಲೆ ಮನೆಗೂ ತರಲೇಬೇಕಲ್ಲ. ಕುಡಿಯುವುದು ಬಿಟ್ಟೆ. ಬೆಳಿಗ್ಗೆ ಅವು ಕಾಯುತ್ತಿರುತ್ತವೆ, ತಲೆನೋವು ಇಟ್ಟುಕೊಂಡು ಏಳಲು ಆಗಲ್ಲ." ಇದನ್ನು ಯಾವ ಡಾಕ್ಟರ ಚೀಟಿಯಲ್ಲಿ ಬರೆಯುವುದು?

ಮಧ್ಯಾಹ್ನ ಗಿಡ್ಡ ಮರಗಳ ಮರೆಯಲ್ಲಿ ಚಹಾ, ಬ್ಯಾನಕ್ ಎಂಬ ದಪ್ಪ ರೊಟ್ಟಿ, ಮತ್ತು ಹೆಪ್ಪುಗಟ್ಟಿದ ಹಸಿ ಆರ್ಕ್ಟಿಕ್ ಚಾರ್ ಮೀನು. ಚಾಕುವಿನಿಂದ ತೆಳ್ಳಗೆ ಹೆರೆದು ಕೊಡುತ್ತಾರೆ. ನಾನು ಮೀನಿನ ಊರಿನವಳು, ಆದರೂ ಹಸಿ ಮೀನು ಅಂದಾಗ ಹಿಂದೆ ಸರಿದೆ. ಒಂದು ತುಂಡು ಬಾಯಲ್ಲಿ ಕರಗಿತು. ಇನ್ನೊಂದು ಕೇಳಿ ತೆಗೆದುಕೊಂಡೆ. ಉಪ್ಪು, ಖಾರ ಏನೂ ಬೇಡ. ವಾಲ್ರಸ್ ಎಂಬ ದಂತವಿರುವ ದೊಡ್ಡ ಕಡಲ ಪ್ರಾಣಿಯ ಮಾಂಸದ ವಿಷಯದಲ್ಲಿ ಮಾತ್ರ ಇವರು ಹುಷಾರು. ಅದರಲ್ಲಿ ಟ್ರಿಕಿನೆಲ್ಲಾ ಎಂಬ ಹುಳು ಇರಬಹುದು, ಇಲ್ಲಿನ ಜಾತಿಯದು ಹೆಪ್ಪುಗಟ್ಟಿಸಿದರೂ ಸುಲಭಕ್ಕೆ ಸಾಯುವುದಿಲ್ಲ. ಬೇಟೆಗಾರರು ವಾಲ್ರಸ್ ನಾಲಿಗೆಯನ್ನು ಕೂಜುವಾಕ್‌ನ ಲ್ಯಾಬಿಗೆ ಕಳಿಸುತ್ತಾರೆ. ಪರೀಕ್ಷೆಯಾಗಿ ಸರಿ ಇದೆ ಅಂದ ಮೇಲೆ ಊರಿನವರು ಹಂಚಿಕೊಂಡು ತಿನ್ನುತ್ತಾರೆ.

ವಾಪಸ್ ಬರುವಾಗ ಗಾಳಿ ಎದ್ದಿತು. ಹತ್ತೇ ನಿಮಿಷದಲ್ಲಿ ಆಕಾಶ, ನೆಲ ಎಲ್ಲ ಒಂದೇ ಬಿಳಿ. ಮುಂದಿನ ನಾಯಿ ಕಾಣುತ್ತಿರಲಿಲ್ಲ. ನನ್ನ ಫೋನ್ ಚಳಿಗೆ ಯಾವಾಗಲೋ ಸತ್ತಿತ್ತು (ಮೈಗೆ ಅಂಟಿಕೊಂಡ ಜೇಬಿನಲ್ಲಿ ಇಡಬೇಕು, ಹೊರಗಿನ ಜೇಬಿನಲ್ಲಲ್ಲ). ಯಜಮಾನರ ತಮ್ಮ ದಾರಿ ಹುಡುಕಲೇ ಇಲ್ಲ. ಸುಮ್ಮನೆ ಕೂತ. ನಾಯಿಗಳು ಮೂಗು ಕೆಳಗೆ ಹಾಕಿ ಬಂದ ಜಾಡು ಹಿಡಿದು ಊರಿಗೆ ತಂದು ಬಿಟ್ಟವು.

ಸೋಮವಾರ

ಗಾಳಿ ನಿಲ್ಲಲಿಲ್ಲ. ವಿಮಾನ ರದ್ದಾಯಿತು. ಈ ಕಡೆ ಬರುವವರು ವಾಪಸ್ ಟಿಕೆಟ್‌ನ ಮರುದಿನವೇ ಕೆಲಸಕ್ಕೆ ಹೋಗುತ್ತೇನೆ ಅಂತ ಯಾರಿಗೂ ಮಾತು ಕೊಡಬಾರದು. ಮನೆಯಲ್ಲಿ ಕೂತು ಅನ್ನ, ಸಾರು ಮಾಡಿದೆ. ಕೊತ್ತಂಬರಿ ಸೊಪ್ಪು ಕೊನೆಗೂ ಲಾಕರ್‌ನಿಂದ ಹೊರಗೆ ಬಂತು.

ನಾಯಿಗಳ ಯಜಮಾನರು ಸಂಜೆ ಗಾಳಿಯಲ್ಲೇ ಬಂದರು. ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೋಗದ ವಿರುದ್ಧ ಸಿದ್ಧ ಪ್ರತಿಕಾಯ) ಕೊಟ್ಟು, ತೋಳಿಗೆ ಮೊದಲ ಲಸಿಕೆ ಹಾಕಿದ್ದರು. ಇನ್ನು ಮೂರನೇ ದಿನ, ಏಳನೇ ದಿನ, 14ನೇ ದಿನ. ಹೊಕ್ಕುಳ ಸುತ್ತ 14 ಚುಚ್ಚುತ್ತಿದ್ದ ನಮ್ಮ ಬಾಲ್ಯದ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ಎರಡು ನಾಯಿಗಳಿಗೆ ಮತ್ತೊಂದು ಡೋಸ್ ಹಾಕಿ ಬೇರೆ ಕಟ್ಟಿದ್ದಾರೆ, ಕೆಲವು ವಾರ ಬೇರೆ ನಾಯಿಗಳ ಜೊತೆ ಸೇರಿಸುವ ಹಾಗಿಲ್ಲ. ಆ ಮಾತು ಅವರಿಗೆ ಬಂದು ಹೇಳಿದ್ದು ಶನಿವಾರದ ಲಸಿಕೆಯವನು, ಪೊಲೀಸರಲ್ಲ. ಅವನು ಅವರ ಸೋದರತ್ತೆಯ ಮೊಮ್ಮಗ. ನನಗೆ ಈ ಊರಿನಲ್ಲಿ ಎಲ್ಲಕ್ಕಿಂತ ಬುದ್ಧಿವಂತ ಏರ್ಪಾಡು ಅನ್ನಿಸಿದ್ದು ಇದೇ. ಲಸಿಕೆ ಎಲ್ಲ ಕಡೆಯೂ ಒಂದೇ. ಬಾಗಿಲು ತಟ್ಟುವವನು ಯಾರು ಅನ್ನುವುದರ ಮೇಲೆ ಬಾಗಿಲು ತೆರೆಯುತ್ತದೆ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಬಿಟ್ಟ ನಾಯಿಗಳಿಗೆ ಹೆದರಿ ಶಾಲೆಗೆ ಬೇರೆ ದಾರಿಯಲ್ಲಿ ಹೋಗುವ ಮಕ್ಕಳಿದ್ದಾರೆ. ಸಂತಾನಹರಣ ಮಾಡಿಸಬೇಕೆಂದರೆ ಪಶುವೈದ್ಯರು ಬರುವ ತನಕ ಕಾಯಬೇಕು, ಅಷ್ಟರಲ್ಲಿ ಇನ್ನೊಂದು ಸೂಲು ಆಗಿರುತ್ತದೆ. ಇದನ್ನು ಹುಡುಗಿ ಸಿಟ್ಟಿನಲ್ಲೇ ಹೇಳಿದಳು. ಯಜಮಾನರೂ ತಲೆ ಆಡಿಸಿದರು. ನಾಯಿ ತಮ್ಮದು ಅನ್ನುವವರು ಕಚ್ಚಿದ್ದೂ ತಮ್ಮದು ಅನ್ನಬೇಕು ಎಂದರು. ಸಾರಿಗೆ ಮಾತ್ರ ಎರಡನೇ ಸಲ ಕೈ ಒಡ್ಡಲಿಲ್ಲ, ಖಾರ ಜಾಸ್ತಿಯಾಗಿತ್ತು.

ಮಂಗಳವಾರ

ಬೆಳಿಗ್ಗೆ ಬಿಸಿಲು. ವಿಮಾನ ನಿಲ್ದಾಣದಲ್ಲಿ ಅರ್ಧ ಊರು ಸೇರಿತ್ತು. ಹೆರಿಗೆಗೆ ಹೋಗುವವರು, ಹಾಕಿ ಆಡಲು ಹೋಗುವ ಮಕ್ಕಳು, ಹೆಪ್ಪುಗಟ್ಟಿದ ಮಾಂಸದ ಪೆಟ್ಟಿಗೆಗಳು. ಸರಕಿನ ಗಾಡಿಯಲ್ಲಿ ಟೇಪ್ ಸುತ್ತಿದ ಸಣ್ಣ ಕೂಲರ್ ಪೆಟ್ಟಿಗೆ ಒಂದಿತ್ತು. ಒಳಗೆ ನರಿಯ ತಲೆ. ಮಿದುಳಿನ ಪರೀಕ್ಷೆ ಒಟ್ಟಾವಾದ ಕೇಂದ್ರ ಲ್ಯಾಬಿನಲ್ಲಿ ಆಗಬೇಕು. ನಾನೂ ಅದೂ ಒಂದೇ ವಿಮಾನದಲ್ಲಿ ದಕ್ಷಿಣಕ್ಕೆ ಬಂದೆವು.

ಫಲಿತಾಂಶ ಹುಡುಗಿ ಫೋನಿನಲ್ಲಿ ಹೇಳಿದಳು. ನರಿಗೆ ರೇಬೀಸ್ ಇತ್ತು. ಯಜಮಾನರ ನಾಲ್ಕೂ ಲಸಿಕೆ ಮುಗಿದಿವೆ. ನಾಯಿಗಳು ಹುಷಾರಾಗಿವೆ, ಆದರೆ ಕಟ್ಟಿಹಾಕಿದ್ದಕ್ಕೆ ರಾತ್ರಿಯೆಲ್ಲ ಊಳಿಡುತ್ತವೆ. ಗ್ಲೌಸ್ ಕಳ್ಳನಿಗೆ ವಯಸ್ಸು ತುಂಬಿ ಮೊದಲ ಲಸಿಕೆಯೂ ಆಯಿತು. ಗ್ಯಾರೇಜಿನಲ್ಲಿ ಲಸಿಕೆಯವನ ಟೋಪಿ ಎಳೆದುಕೊಂಡು ಓಡಿತಂತೆ. ಮುಂದಿನ ಸಲ ಬರುವಾಗ ಕರಿಬೇವೂ ಬೇಕಂತೆ.